ಊರ ಎಣ್ಣೆ, ಊರ ಮಜ್ಜಿಗೆಯ ಅಖಾಡ

ರಾಮದುರ್ಗ ತಾಲ್ಲೂಕಿನ ಕಟಕೋಳದ ಸುತ್ತಲಿನ ಹೊಲಗಳು ಬಹುಪಾಲು ಎರೆ ಭೂಮಿ. ಬೇಸಿಗೆಯಲ್ಲಿ ಬಾಯಿಬಿಡುವ, ಮಳೆ ಬಿದ್ದರೆ ಮೆಟ್ಟಿಗೆ ಹೆಂಟೆಹೆಂಟೆಯಾಗಿ ಅಂಟುವ ಈ ಮಣ್ಣು ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಕುಸ್ತಿಗೆ ಮಾತ್ರ ಆಗಿಬರುವುದಿಲ್ಲ. ಹಾಗಾಗಿ ಈ ಸೀಮೆಯ ತಾಲೀಮು ಮನೆಗಳಿಗೆ ಕೆಮ್ಮಣ್ಣನ್ನು ಬೇರೆ ಕಡೆಯಿಂದ ಹೇರಿಕೊಂಡು ಬರಬೇಕು. ಹರಳು ಆರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ, ಕಾವಿ ಬೆರೆಸಿ ದಿನಗಟ್ಟಲೆ ಹದ ಮಾಡುತ್ತಾರೆ. ಎಣ್ಣೆ ಬಿದ್ದರೆ ಧೂಳು ಏಳುವುದಿಲ್ಲ, ಮಜ್ಜಿಗೆ ಬಿದ್ದರೆ ಮಣ್ಣು ಮಿದುವಾಗುತ್ತದೆ, ಅರಿಸಿನ ತರಚುಗಾಯಕ್ಕೆ. ಒಗ್ಗರಣೆಗೆ ಚಮಚದಲ್ಲಿ ಅಳೆದು ಹಾಕುವ ಮನೆಗಳೇ ಅಖಾಡಕ್ಕೆ ತಂಬಿಗೆಗಟ್ಟಲೆ ಎಣ್ಣೆ ಸುರಿಯುತ್ತವೆ. ನನ್ನ ಕಣ್ಣಿಗೆ ಐಷಾರಾಮವೆಂದರೆ ಇದು.

ತಾಲೀಮು ಮನೆಯನ್ನು ಹೊರಗಿನಿಂದ ನೋಡಿದರೆ ಏನೂ ಕಾಣದು. ದಪ್ಪ ಗೋಡೆ, ಗಿಡ್ಡ ಬಾಗಿಲು, ಸಣ್ಣದೊಂದು ಬೆಳಕಿಂಡಿ. ಒಳಗೆ ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ನಸುಕಿನಲ್ಲಿ ಬಂದ ಹುಡುಗರಿಗೆ ಮೊದಲ ಕೆಲಸ ಸಲಿಕೆ ಹಿಡಿದು ಅಖಾಡ ಅಗೆಯುವುದು. ತೋಳು, ಬೆನ್ನು, ಕೈಹಿಡಿತ ಅಲ್ಲೇ ಗಟ್ಟಿಯಾಗುತ್ತವೆ. ಆಮೇಲೆ ದಂಡ, ಬೈಠಕ್, ಆಮೇಲೆ ಜೋಡಿ. ವಸ್ತಾದರು ಅಂಚಿನಲ್ಲಿ ಕುಳಿತು ಪಟ್ಟು ತಿದ್ದುತ್ತಾರೆ. ಹಿಂದೂಗಳ ಮಕ್ಕಳು, ಮುಸಲ್ಮಾನರ ಮಕ್ಕಳು ಒಂದೇ ಮಣ್ಣಿನಲ್ಲಿ ಹೊರಳಾಡಿ ಬೆಳೆದ ಜಾಗವಿದು. ಹೆಣ್ಣುಮಕ್ಕಳಿಗೆ ಮಾತ್ರ ಈ ಗಿಡ್ಡ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅವರು ಹೆಚ್ಚಾಗಿ ಕುಸ್ತಿಗೆ ಬಂದದ್ದು ಮ್ಯಾಟ್ ಬಂದ ಮೇಲೆ. ಅದು ಸರಿಹೋಗಲೇಬೇಕಾದ ಕೊರತೆ.

ಇಲ್ಲಿ ಬೆವರು ಸುರಿಸಿದ್ದು ಊರಿಗೆ ಕಾಣುವುದು ಜಾತ್ರೆಯಲ್ಲಿ. ಹಲಗೆ ಬಡಿಯುತ್ತಿದ್ದಂತೆ ಮೊದಲು ಸಣ್ಣ ಹುಡುಗರು ತೆಂಗಿನಕಾಯಿಗಾಗಿ ಸೆಣಸುತ್ತಾರೆ, ಹೊತ್ತು ಇಳಿದಂತೆ ಪೈಲವಾನರ ತೂಕವೂ ಬಹುಮಾನದ ತೂಕವೂ ಏರುತ್ತದೆ. ಕಡೆಯ ಜೋಡಿಗೆ ಬೆಳ್ಳಿ ಕಡಗ. ನಾಗರಪಂಚಮಿಗೆ ಗುಂಡು ಎತ್ತುವವರು, ಜೋಳದ ಚೀಲ ಹೊರುವವರು ಇದೇ ತಾಲೀಮಿನವರು. 1824ರಲ್ಲಿ ಬ್ರಿಟಿಷರ ವಿರುದ್ಧ ಸಿಕ್ಕ ಗೆಲುವಿನ ನೆನಪಿಗೆ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದಲ್ಲೂ ಕುಸ್ತಿಗೆ ಜನ ಮುಗಿಬೀಳುತ್ತಾರೆ.

ಇಂಥ ಮಣ್ಣಿನಿಂದ ಎದ್ದವರು ದೂರ ಹೋಗಿದ್ದಾರೆ. 1959ರಲ್ಲಿ ದೇಶದ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ನಮ್ಮದೇ ಜಿಲ್ಲೆಯ ಯಕ್ಸಂಬಾದವರು, ಪಳಗಿದ್ದು ಕೊಲ್ಲಾಪುರದಲ್ಲಿ. ಅಲ್ಲಿನ ಖಾಸಬಾಗ್ ಮೈದಾನವನ್ನು ಕಟ್ಟಿಸಿದವರು ಶಾಹೂ ಮಹಾರಾಜರು. 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಬಯಲು ರಂಗ ಕಂಡು ಬಂದಿದ್ದ ಅವರು, ಎಲ್ಲಿ ಕುಳಿತರೂ ಕುಸ್ತಿ ಕಾಣುವಂತೆ ಸುತ್ತ ಇಳಿಜಾರು ಮಾಡಿಸಿದರು. 1912ರಲ್ಲಿ ಅದು ತೆರೆಯಿತು.

ರಾಜರಿಲ್ಲದ ಕಾಲದಲ್ಲೂ ಅಂಥ ಕೊಡುಗೆಗಳಿವೆ. ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಚಳಿಯೂರಿನಲ್ಲಿ ನಾರ್ತ್ ಡಕೋಟ ವಿಶ್ವವಿದ್ಯಾಲಯದ ಐಸ್ ಹಾಕಿ ಅಂಗಣ 2001ರಲ್ಲಿ ಎದ್ದು ನಿಂತಿತು. ಗ್ರಾನೈಟ್ ನೆಲ, ತೊಗಲಿನ ಕುರ್ಚಿ, 11 ಸಾವಿರಕ್ಕೂ ಹೆಚ್ಚು ಆಸನ, 10 ಕೋಟಿ ಡಾಲರಿಗೂ ಮಿಕ್ಕಿದ ಖರ್ಚು. ಹಣ ಕೊಟ್ಟ ರಾಲ್ಫ್ ಎಂಗಲ್‌ಸ್ಟ್ಯಾಡ್ ಅದೇ ತಂಡದ ಹಳೆಯ ಗೋಲ್‌ಕೀಪರ್. ಆಟವಿದ್ದ ದಿನ ಊರಿಗೆ ಊರೇ ಅಲ್ಲಿ ನೆರೆಯುತ್ತದೆ. ಆದರೆ ತಂಡಕ್ಕಿದ್ದ ಮೂಲನಿವಾಸಿಗಳ ಹೆಸರನ್ನು ಬದಲಿಸಿದರೆ ಕಟ್ಟಡವನ್ನು ಅರ್ಧಕ್ಕೇ ಬಿಡುತ್ತೇನೆಂದು ಆತ ಹಟ ಹಿಡಿದಿದ್ದರು. ಆ ಹೆಸರು ಹೋದದ್ದು 2012ರಲ್ಲಿ. ಒಬ್ಬರ ದುಡ್ಡು ಬಂದಲ್ಲಿ ಒಬ್ಬರ ಮಾತೂ ಬಂದು ಕೂರುತ್ತದೆ. ತಾಲೀಮಿಗಾದರೆ ಮನೆಮನೆಯಿಂದ ಪಟ್ಟಿ ಎತ್ತುತ್ತಾರೆ. ಮಗ ಆಡದಿದ್ದರೂ ಮಜ್ಜಿಗೆ ಕೊಟ್ಟ ಮನೆಗೆ ಅಖಾಡದ ಮೇಲೆ ಹಕ್ಕಿರುತ್ತದೆ.

ಎಷ್ಟೋ ತಾಲೀಮುಗಳಿಗೆ ಈಗ ಬೀಗ ಬಿದ್ದಿದೆ, ಕೆಲವು ಸಾಮಾನು ತುಂಬುವ ಕೋಣೆಗಳಾಗಿವೆ. ಮ್ಯಾಟಿನ ಮೇಲಿನ ಅಂಕದಾಟವೇ ಬೇರೆ, ಮಣ್ಣು ಇನ್ನೇಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಂದರಗಿಯ ಕ್ರೀಡಾ ವಸತಿ ಶಾಲೆ ರಾಮದುರ್ಗ ತಾಲ್ಲೂಕಿನಲ್ಲೇ ಇದೆ. ಅಂಥಲ್ಲಿಗೆ ಹೊರಡುವ ಮಗು ಮೊದಲು ಮೈ ಬಗ್ಗಿಸುವುದು ಓಣಿಯ ತಾಲೀಮಿನಲ್ಲಿ. ಸೋರುವ ಮಾಳಿಗೆಗೆ ಹೊಸ ತಗಡು, ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು, ವಸ್ತಾದರಿಗೆ ತಿಂಗಳಿಗಿಷ್ಟು ಗೌರವಧನ, ಹುಡುಗಿಯರಿಗೂ ಒಂದು ಹೊತ್ತು. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಬರುವ ನಾಗರಪಂಚಮಿಯೊಳಗೆ ಆಗುವ ಕೆಲಸ.