ಗಾಳಿಗೆ ಎದುರಾದ ದಡ: ಬೈನಾದ ಕನ್ನಡಿಗರು

ಗೋವೆಯ ವಾಸ್ಕೋ ಡ ಗಾಮಾ ನಗರವಿರುವ ಮುರ್ಮುಗಾಂವ್ ಭೂಶಿರದ ಉತ್ತರಕ್ಕೆ, ಜುವಾರಿ ನದಿಯ ಅಳಿವೆಯಲ್ಲಿ, ಗುಡ್ಡದ ಮರೆಯಲ್ಲಿ ಬಂದರಿದೆ; ಅದರ ಬೆನ್ನಿಗೆ, ನೈರುತ್ಯ ಮುಂಗಾರಿಗೆ ನೇರವಾಗಿ ಮೈಯೊಡ್ಡಿಕೊಂಡು, ಬೈನಾ ಕಡಲತೀರವಿದೆ. ಮಳೆಗಾಲದಲ್ಲಿ ಮಾಂಡವಿ ನದಿಯ ಅಳಿವೆಬಾಯಿ ಹಡಗುಗಳಿಗೆ ಮುಚ್ಚಿದಂತಾದರೂ ಮುರ್ಮುಗಾಂವ್ ವರ್ಷವಿಡೀ ತೆರೆದಿರುತ್ತಿತ್ತು. 1878ರ ಪೋರ್ಚುಗೀಸ್-ಬ್ರಿಟಿಷ್ ಒಪ್ಪಂದದ ಬಳಿಕ ಇಲ್ಲಿಂದ ಹೊರಟ ರೈಲುಹಳಿ 1888ರಲ್ಲಿ ಘಟ್ಟವೇರಿ ಕ್ಯಾಸಲ್ ರಾಕ್ ಮುಟ್ಟಿತು. ಮುಂದೆ ಹೊಸಪೇಟೆ ಸೀಮೆಯ ಅದಿರು ಈ ದಾರಿಯಲ್ಲಿ ಇಳಿದು ಬಂತು. ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿಗಳಿಂದ ಗುಳೆ ಹೊರಟ, ಅಂದರೆ ಬರಗಾಲಕ್ಕೆ ಊರು ಬಿಟ್ಟು ದುಡಿಮೆ ಅರಸಿದ, ಜನರೂ ಬಂದರು. ಬಂದರು ಕೆಲಸಕ್ಕೂ ಕಟ್ಟಡ ಕೆಲಸಕ್ಕೂ ಹೆಗಲು ಕೊಟ್ಟ ಅವರಲ್ಲಿ ಅನೇಕರಿಗೆ ನೆಲೆಯಾಗಿ ದಕ್ಕಿದ್ದು ಗಾಳಿಗೆ ಎದುರಾದ ದಡವೇ.

ಗೋವೆಯಲ್ಲಿ ಅವರಿಗೆ ಅಂಟಿದ ಹೆಸರು 'ಘಾಂಟಿ'. ಘಟ್ಟದ ಮೇಲಿನವರು ಎಂಬುದಷ್ಟೇ ಅದರ ಮೂಲಾರ್ಥ. ಕನ್ನಡ ಕರಾವಳಿಯಲ್ಲೂ 'ಘಟ್ಟದವರು' ಎನ್ನುವುದುಂಟು. ಆದರೆ ಗೋವೆಯ ಬಳಕೆಯಲ್ಲಿ ಅದು ಕೊಳಕರು, ಕೀಳುಜನ ಎಂಬ ಬೈಗುಳವಾಗಿ ಗಟ್ಟಿಯಾಯಿತು. ಹುಟ್ಟಿದ ಸೀಮೆಯನ್ನೇ ಗುಣದೋಷವೆಂದು ಎಣಿಸುವ ಇಂಥ ತಿರಸ್ಕಾರವನ್ನು ಜನಾಂಗದ್ವೇಷದ ಸಾಲಿನಲ್ಲಿಡುವುದು ಅತಿಶಯೋಕ್ತಿಯಲ್ಲ. ಬೈನಾದ ಒಂದು ಭಾಗದಲ್ಲಿ ವೇಶ್ಯಾವಾಟಿಕೆ ಇದ್ದುದರಿಂದ ಅದರ ಕಳಂಕವೂ ಇಡೀ ಕೇರಿಯ ಮೇಲೆ ಬಿತ್ತು.

2003ರ ಹೈಕೋರ್ಟ್ ಆದೇಶದ ಬೆನ್ನಲ್ಲೇ, 2004ರ ಜೂನ್ 14ರಂದು, ಆ ವೇಶ್ಯಾವಾಟಿಕೆಯ ನೂರಾರು ಕೋಣೆಗಳು ನೆಲಸಮವಾದವು. ಆ ದಂಧೆ ನಿಲ್ಲಬೇಕೆಂಬುದರಲ್ಲಿ ನ್ಯಾಯವಿರಬಹುದು. ಆದರೆ ಜೂನ್ ಎಂದರೆ ಮುಂಗಾರು ಹೊಡೆಯುವ ಕಾಲ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ತಲೆಯ ಮೇಲಿನ ತಗಡು ಕೀಳಬಾರದ ಕಾಲ. ಈ ವಿವೇಕ ಹೊಸತೂ ಅಲ್ಲ. 1981ರ ಮಳೆಗಾಲದಲ್ಲಿ ಮುಂಬಯಿಯ ಕಾಲುದಾರಿವಾಸಿಗಳನ್ನು ಅವರವರ ಊರಿಗೆ ಅಟ್ಟಲು ಹೊರಟಾಗ ಹುಟ್ಟಿದ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆಯೆಂದು 1985ರಲ್ಲಿ ಸಾರಿ, ಮಳೆಗಾಲ ಮುಗಿದು ಒಂದು ತಿಂಗಳು ಕಳೆಯುವವರೆಗೆ ಕೊಳೆಗೇರಿಗಳನ್ನು ತೆರವುಗೊಳಿಸಬಾರದೆಂದು ಅಂದೇ ಹೇಳಿತ್ತು.

ಬೈನಾದಲ್ಲಿ 2014 ಮತ್ತು 2015ರಲ್ಲಿ ಮತ್ತೆ ಮನೆಗಳು ಉರುಳಿದವು. ಈ ಬಾರಿ ಮುಂದಿಟ್ಟದ್ದು ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಭರತರೇಖೆಯಿಂದ ಇಂತಿಷ್ಟು ದೂರದೊಳಗೆ ಕಟ್ಟಡವನ್ನು ನಿರ್ಬಂಧಿಸುವ 1991ರ ಫೆಬ್ರವರಿ 19ರ ಅಧಿಸೂಚನೆಯಿಂದ ಬಂದ ಕಟ್ಟಳೆ. ಅದಕ್ಕೂ ಮೊದಲೇ ಮನೆಯಿತ್ತೆಂದು ಹೇಳುವವರು ಕಾಗದಪತ್ರ ತೋರಿಸಬೇಕು. ಮಳೆ ಸೋರುವ ಗುಡಿಸಲಿನಲ್ಲಿ ಕಾಗದ ಕಾಪಾಡಿಕೊಳ್ಳುವ ಹೊಣೆಯೂ ಅವರದೇ.