ಮನೆತನದ ಕೋವಿ

ಹಿರಿಯರು ಕಿರಿಯರಿಗೆ ಬಿಟ್ಟುಹೋಗುವ ವಸ್ತುಗಳು ಮನೆಮನೆಗೂ ಬೇರೆಯಾಗಿರುವುವು. ಕೆಲವೆಡೆ ಒಡವೆ, ಕೆಲವೆಡೆ ತಾಳೆಯೋಲೆಯ ಕಟ್ಟು, ಕೆಲವೆಡೆ ವೀಣೆ. ಕೊಡಗಿನ ಒಕ್ಕಗಳಲ್ಲಿ, ಎಂದರೆ ಒಬ್ಬ ಮೂಲಪುರುಷನಿಂದ ಬೆಳೆದುಬಂದ ಮನೆತನಗಳಲ್ಲಿ, ಈ ಸಾಲಿಗೆ ಬೇಟೆಯ ಕೋವಿಯೂ ಸೇರುವುದು.

ಕೊಡವರಿಗೆ ಕೋವಿಯು ಬರಿಯ ಬೇಟೆಯ ಉಪಕರಣವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಿಂದಿನಿಂದ ಬಂದ ರೂಢಿ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಆಯುಧಗಳದೇ ಹಬ್ಬ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಮಾಡಿ, ದೀಪದ ಮುಂದಿರಿಸಿ, ‘ತೋಕ್ ಪೂ’ ಎಂಬ ಕೆಂಪು ಹಳದಿಯ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುವರು. ತೋಕ್ ಎಂದರೆ ಕೋವಿಯೇ. ಬಳಿಕ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ, ಅನಂತರ ಕಡುಂಬುಟ್ಟಿನ ಊಟ.

೧೮೫೭ರ ದಂಗೆಯ ತರುವಾಯ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ, ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರಿಗೆ ಅದರಿಂದ ವಿನಾಯಿತಿಯನ್ನಿತ್ತರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸು ಬೇಡವೆಂಬ ಆ ಪದ್ಧತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಆದರೆ ಕೋವಿಯು ಉಳಿದಿದ್ದರೂ ಬೇಟೆಯು ಉಳಿದಿಲ್ಲ. ಹಿಂದೆ ಹುಲಿಯನ್ನು ಕೊಂದವನಿಗೆ ಮದುವಣಿಗನಂತೆ ಅಲಂಕರಿಸಿ ‘ನರಿ ಮಂಗಲ’ವನ್ನು ನಡೆಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಬಳಿಕ ಆ ಕಾಲ ಸಂದಿತು. ಹಾಗಾದರೆ ಅಜ್ಜನ ಕೋವಿಯೊಡನೆ ಮೊಮ್ಮಗನಿಗೆ ಬರತಕ್ಕದ್ದೇನು? ಗುರಿಕಾರನ ಹೆಮ್ಮೆಯಲ್ಲ, ಕಾಯುವವನ ಹೊಣೆ.

ಆ ಹೊಣೆಯಲ್ಲಿ ಮೊದಲನೆಯದು ಎಚ್ಚರ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯೊಳಗೆ ಎಂದೋ ತುಂಬಿದ ಮದ್ದುಗುಂಡು ಹಾಗೆಯೇ ಉಳಿದಿರಬಹುದು. ಗಜವನ್ನು ಒಳಗಿಳಿಸಿ, ಅದು ಇಳಿದಷ್ಟನ್ನು ನಳಿಗೆಯ ಹೊರಗಿನ ಉದ್ದದೊಡನೆ ಹೋಲಿಸಿದರೆ ಅನುಮಾನಕ್ಕೆ ಎಡೆಯಾಗುವುದು. ಅನುಮಾನ ಬಂದರೆ ಬಲ್ಲವರ ಕೈಗೊಪ್ಪಿಸತಕ್ಕದ್ದು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಮಾಡಿದ, ಅಲೆಯಲೆಯ ಗೆರೆಗಳುಳ್ಳ ನಳಿಗೆಯು ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿನ ರಭಸಕ್ಕೆ ಅದು ಸಿಡಿದು ಕೈಯನ್ನೇ ಕೊಂಡೊಯ್ದೀತು.

ಎರಡನೆಯದು ಆರೈಕೆ. ಕೊಡಗಿನ ಮಳೆಗಾಲವು ಕಬ್ಬಿಣಕ್ಕೆ ಶತ್ರು. ಮುಟ್ಟಿದ ಬಳಿಕ ಬೆವರಿನ ಗುರುತನ್ನು ಒರಸಿ ತೆಳ್ಳಗೆ ಎಣ್ಣೆ ಸವರಬೇಕು. ಬಟ್ಟೆಯಲ್ಲಿಯೋ ತೊಗಲಿನ ಚೀಲದಲ್ಲಿಯೋ ಸುತ್ತಿಟ್ಟರೆ ತೇವ ಒಳಗೇ ನಿಂತು ತುಕ್ಕು ಹಿಡಿಯುವುದು. ಹೊಳಪಿನಾಸೆಯಿಂದ ಉಜ್ಜಿದರೆ ಮಾಡಿದವನ ಮುದ್ರೆಯೇ ಅಳಿಯುವುದು. ಮಕ್ಕಳ ಕೈಗೆಟುಕದಂತೆ ಬೀಗವಿರಲಿ.

ಕೊನೆಯದಾಗಿ, ಕೋವಿಯನ್ನು ಕೊಡುವವನು ಅದರ ಕಥೆಯನ್ನೂ ಬರೆದು ಕೊಡಲಿ: ಯಾರು ತಂದುದು, ಯಾರ ಹುಟ್ಟಿಗೆ ಹಾರಿತು, ಯಾರ ಸಾವಿಗೆ ಹಾರಿತು. ಹೆಸರು ಬದಲಾಯಿಸುವ ಕಾಗದಪತ್ರಗಳನ್ನು ಬದುಕಿರುವಾಗಲೇ ಸರಿಪಡಿಸಲಿ. ಕಥೆ ಮರೆತ ಮನೆಯಲ್ಲಿ ಅದು ಬರಿಯ ಕಬ್ಬಿಣ. ನೆನಪಿದ್ದ ಮನೆಯಲ್ಲಿ, ಒಂದು ಗುಂಡನ್ನೂ ಹಾರಿಸದೆ, ಅದು ಹಿರಿಯರ ಮಾತನ್ನು ಆಡುತ್ತಿರುವುದು.