ಹಂಪೆಯ ಸ್ನಾನಗೃಹಗಳು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೊಬ್ಬರು ತಿಳಿಸಬೇಕಾಗಿಲ್ಲ. ಮುಗಿಲನ್ನು ನೋಡಿ ಬಿತ್ತುವ, ಕೊಡದ ಲೆಕ್ಕದಲ್ಲಿ ನೀರನ್ನು ಬಳಸುವ ನಾಡು ಇದು. ಇಲ್ಲಿಯವರು ರಾಂಪುರ, ಬಳ್ಳಾರಿಗಳ ಮಾರ್ಗವಾಗಿ ಹಂಪೆಗೆ ಹೋಗಿ ‘ರಾಣಿಯ ಸ್ನಾನಗೃಹ’ದ ಮುಂದೆ ನಿಂತರೆ, ಶಿಲ್ಪಕ್ಕಿಂತ ಮೊದಲು ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಇಷ್ಟು ನೀರು ಎಲ್ಲಿಂದ ಬಂದಿತು?

ಹೊರಗಿನಿಂದ ನೋಡಿದರೆ ಈ ಕಟ್ಟಡದಲ್ಲಿ ಸೊಗಸೇನೂ ಕಾಣದು. ಸುಮಾರು 30 ಮೀಟರು ಚೌಕದ ಬೋಳು ಗೋಡೆ; ಅದರ ಸುತ್ತಲೂ ಕಲ್ಲುಕಟ್ಟಡದ ಅಗಳು. ಆದರೆ ಒಳಗೆ ಕಾಲಿಟ್ಟೊಡನೆ ನೋಟವೇ ಬೇರೆಯಾಗುವುದು. ನಡುವೆ ಆಕಾಶಕ್ಕೆ ತೆರೆದಿರುವ 15 ಮೀಟರು ಚೌಕದ ಕೊಳ. ಅದರ ಆಳ ಆಳೆತ್ತರಕ್ಕೆ ಮೀರದು. ನಾಲ್ಕು ಕಡೆಯೂ ಕಮಾನುಗಳ ಮೊಗಸಾಲೆ. ಅದರ ಒಂದೊಂದು ಅಂಕಣದ ಛಾವಣಿಗೂ ಒಂದೊಂದು ಬಗೆಯ ಗಾರೆಯ ಚಿತ್ತಾರ. ಕೊಳದ ಮೇಲೆ ಚಾಚಿಕೊಂಡಿರುವ ಉಪ್ಪರಿಗೆಗಳಲ್ಲಿ ಕುಳಿತು ನೀರನ್ನು ನೋಡಬಹುದಾಗಿತ್ತು. ಕಮಾನು, ಗಾರೆಗಳ ಈ ರೀತಿ ಬಹಮನಿ ಸುಲ್ತಾನರ ಕಟ್ಟಡಗಳಿಂದ ಬಂದುದು. ರಣರಂಗದಲ್ಲಿ ಎದುರಾದವರ ಶಿಲ್ಪವನ್ನು ವಿಜಯನಗರದವರು ಸಂಕೋಚವಿಲ್ಲದೆ ತಮ್ಮದಾಗಿಸಿಕೊಂಡರು.

ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಯಾವ ರಾಣಿಯ ಹೆಸರೂ ಇಲ್ಲಿಯ ಕಲ್ಲಿನ ಮೇಲಿಲ್ಲ. ಕಟ್ಟಡವಿರುವುದೋ ಅರಮನೆಯ ಆವರಣದ ಹೊರಗೆ, ಕಮಲಾಪುರದ ಹಾದಿಯ ಬಳಿ. ಇದು ಅಂತಃಪುರದ ಸ್ತ್ರೀಯರಿಗಿಂತ ಅರಸನಿಗೂ ಆಸ್ಥಾನಿಕರಿಗೂ ವಿಹಾರಸ್ಥಾನವಾಗಿತ್ತೆಂದು ಊಹಿಸುವುದೇ ಹೆಚ್ಚು ಯುಕ್ತವಾಗಿ ತೋರುವುದು. ಸಾಮಾನ್ಯ ಜನಕ್ಕೆ ತುಂಗಭದ್ರೆಯ ಚಕ್ರತೀರ್ಥವಿತ್ತು. ಅದಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ.

ಸಮೀಪದ ಅಷ್ಟಕೋನ ಸ್ನಾನಗೃಹದ ಮಾಟ ಇನ್ನೂ ಸರಳವಾದುದು: ಎಂಟು ಮೂಲೆಯ ಕಂಬಸಾಲೆ, ನಡುವೆ ಎಂಟು ಮೂಲೆಯದೇ ಒಂದು ಜಗಲಿ, ಇವೆರಡರ ನಡುವೆ ಬಳೆಯಂತೆ ಸುತ್ತಿದ ನೀರಿನ ಹಾದಿ.

ಇನ್ನು ಮೊದಲಿನ ಪ್ರಶ್ನೆ. ನೀರಿನ ಮೂಲ ತುಂಗಭದ್ರೆ. ನದಿಗೆ ಅಣೆಕಟ್ಟುಗಳನ್ನು ಹಾಕಿ, ಕಾಲುವೆಗಳಿಂದ ಹೊಲಗಳಿಗೂ ಕೆರೆಗಳಿಗೂ ನೀರು ಹರಿಸಿದರು. ಅರಮನೆಯ ಆವರಣದಲ್ಲಿ ಕಲ್ಲುಕಂಬಗಳ ಮೇಲೆ ಹೊತ್ತು ನಿಲ್ಲಿಸಿದ ಕಲ್ಲಿನ ದೋಣಿಗಳು ಸಾಲಾಗಿ ಹೋಗುವುದನ್ನು ಇಂದಿಗೂ ಕಾಣಬಹುದು. ಯಂತ್ರವೊಂದೂ ಇಲ್ಲ, ಇಳಿಜಾರೇ ಇದರ ಯಂತ್ರ. ದೋಣಿಯ ಮಟ್ಟ ಒಂದೆಡೆ ತಪ್ಪಿದರೆ ಮುಂದಿನ ಕೊಳವೆಲ್ಲ ಒಣಗಿತೆಂದೇ ಲೆಕ್ಕ.

ಆ ಸಾಲಿನ ಬಳಿಯಲ್ಲೇ, 1980ರ ದಶಕದ ಉತ್ಖನನದಲ್ಲಿ, ಮಣ್ಣಿನಡಿಯಿಂದ ಮೆಟ್ಟಿಲಿನ ಪುಷ್ಕರಣಿಯೊಂದು ಹೊರಬಂದಿತು. ಸುಮಾರು 22 ಮೀಟರು ಚೌಕ, 7 ಮೀಟರು ಆಳ, ಐದು ಅಂತಸ್ತು, ನುಣುಪಾದ ಕರಿಗಲ್ಲು. 1565ರಲ್ಲಿ ಪಟ್ಟಣ ಹಾಳಾದ ಮೇಲೆ ಇದನ್ನು ಕಂಡವರು ಯಾರೋ! ಅದರ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು ಎಂಬುದನ್ನು ತಿಳಿಸುವ ಕನ್ನಡದ ಗುರುತುಗಳಿವೆ. ಬೇರೆಡೆ ಕಡೆದು ತಂದ ಕಲ್ಲುಗಳನ್ನು ಇಲ್ಲಿ ಗುರುತು ನೋಡಿ ಜೋಡಿಸಿದಂತೆ ತೋರುವುದು. ಹಂಪೆಗೆ ಹೋದವರು ರಾಣಿಯನ್ನು ಹುಡುಕಿ ಬೇಸತ್ತ ಮೇಲೆ, ಈ ಕಲ್ಲುಕುಟಿಗರ ಅಕ್ಷರಗಳನ್ನಾದರೂ ಒಮ್ಮೆ ಬಗ್ಗಿ ನೋಡಿ ಬರಬೇಕು.